ಚಿಕ್ಕಕ್ಕನ ಮಣಿಕಟ್ಟು

"ಸರ್, ಕೇಸ್ ತಂದಿದ್ದೀನಿ," ಎಂದು ಮಹಾಂತೇಶ ಬಾಗಿಲಲ್ಲೇ ನಿಂತ, ಇಂಟರ್‌ವೆಲ್ ಆದಮೇಲೆ ಹೀರೋ ಎಂಟ್ರಿ ಕೊಟ್ಟ ಹಾಗೆ. ಹಿಂದೆ ಸೆರಗು ಹೊದ್ದ ಚಿಕ್ಕಕ್ಕ, ಸಿದ್ದಾಪುರದಲ್ಲಿ ಅವನ ಎದುರುಮನೆಯವಳು.

ಚಳ್ಳಕೆರೆಯ ನರ್ಸಿಂಗ್ ಹೋಮೊಂದರ ಮಹಡಿಯಲ್ಲಿ ಭಾನುವಾರ ಭಾನುವಾರ ಡಾಕ್ಟರ್ ಓಂಕಾರಮೂರ್ತಿ ಮೆಡಿಕಲ್ ಹುಡುಗರಿಗೆ ಮೂಳೆ ಪಾಠ ಹೇಳುತ್ತಿದ್ದರು. ಕಾಲೇಜಿನಲ್ಲಿ ಅರ್ಧಂಬರ್ಧ ಆದದ್ದನ್ನು ಪರೀಕ್ಷೆಗೆ ಮುಂಚೆ ತುಂಬಿಸುವ ಹೆಚ್ಚುವರಿ ತರಗತಿ. ಫೀಸಿಲ್ಲ, ಬೈಗುಳ ಪುಕ್ಕಟೆ. ಹೋದ ವಾರ ಸೊಟ್ಟಗೆ ಕೂಡಿದ ಮೂಳೆಯೊಂದರ ಎಕ್ಸ್‌ರೇ ಎತ್ತಿ ಹಿಡಿದು, ಇದು ನಮ್ಮ ಮಹಾಂತೇಶನ ತಾತನಂಥವರ ಕೈಚಳಕ ಎಂದಿದ್ದರು. ಹದಿನೆಂಟು ಜನ ನಕ್ಕಿದ್ದರು. ತಾತ ದೊಡ್ಡಪಾಲಯ್ಯ ಬಿದಿರು ದಬ್ಬೆ, ಮೊಟ್ಟೆಯ ಬಿಳಿ ಇಟ್ಟು ಐವತ್ತು ವರ್ಷದಿಂದ ಮೂಳೆ ಕಟ್ಟುವವನು. ಅವತ್ತಿನಿಂದ ಮಹಾಂತೇಶನಿಗೆ ಅನ್ನ ಇಳಿದಿರಲಿಲ್ಲ. ಅದೇ ಹದಿನೆಂಟು ಜನರ ಮುಂದೆ ಸೇಡು ತೀರಬೇಕಿತ್ತು.

ಆಯುಧ ಊರಲ್ಲೇ ಸಿಕ್ಕಿತು. ಚಿಕ್ಕಕ್ಕನ ಬಲ ಮಣಿಕಟ್ಟು ಸೊಟ್ಟಗಿತ್ತು. ಅವಳ ಟ್ರಂಕಿನಲ್ಲಿದ್ದ ಚೀಟಿಯಲ್ಲಿ, ಹೋದ ವರ್ಷ ಸಿಮೆಂಟ್ ಕಟ್ಟು ಹಾಕಿದ್ದು ಓಂಕಾರಮೂರ್ತಿಯವರೇ ಎಂದು ಸಹಿಸಮೇತ ಇತ್ತು. ಬಸ್ಸು ಬಿ.ಜಿ. ಕೆರೆ, ತಳಕು ದಾಟುವ ತನಕ ಅವನು ಡೈಲಾಗ್ ತಾಲೀಮು ಮಾಡಿದ. ಅವಳು ಏನೋ ಹೇಳಲು ಬಂದಾಗಲೆಲ್ಲ, ನಾನು ಹೇಳೋವರೆಗೂ ಬಾಯಿ ಬಿಡಬೇಡ ಎಂದು ತಡೆದ.

ಡಾಕ್ಟರು ಅವಳ ಕೈಯನ್ನು ತಿರುಗಿಸಿದರು, ಒತ್ತಿದರು, ಮುಷ್ಟಿ ಹಿಡಿಯಲು ಹೇಳಿದರು. ಬೆರಳು ಅರ್ಧಕ್ಕೇ ನಿಂತವು. ಅವರ ಮುಖ ಕೆಂಪಾಯಿತು.

"ಯಾವ ಕತ್ತೆ ಕಟ್ಟಿದ್ದೋ ಇದನ್ನ?"

ಮಹಾಂತೇಶ ಜೇಬಿನಿಂದ ಚೀಟಿಯನ್ನು ಸ್ಲೋ ಮೋಷನ್ನಿನಲ್ಲಿ ತೆಗೆದ.

"ಕತ್ತೆ ಸೈನ್ ಹಾಕೈತೆ ಸರ್. ಓದ್ಲಾ?"

ಡಾಕ್ಟರು ಕನ್ನಡಕ ಹಾಕಿಕೊಂಡು ಚೀಟಿಯನ್ನು ಎರಡು ಸಲ ಓದಿದರು. ಅಷ್ಟರೊಳಗೆ ಮಹಾಂತೇಶ ಅರ್ಧ ಅಡಿ ಎತ್ತರ ಬೆಳೆದಿದ್ದ. ಅವರು ಅವನನ್ನು ಮಾತಾಡಿಸಲೇ ಇಲ್ಲ; ಕಟ್ಟನ್ನು ಆರು ವಾರ ಇಟ್ಟುಕೊಂಡಿದ್ದೆಯೇನಮ್ಮ ಎಂದು ಚಿಕ್ಕಕ್ಕನನ್ನೇ ಕೇಳಿದರು. ಅವಳು ಅಪ್ಪಣೆಗಾಗಿ ಮಹಾಂತೇಶನ ಮುಖ ನೋಡಿದಳು. ಅವನು ಗತ್ತಿನಿಂದ ತಲೆಯಾಡಿಸಿದ.

"ಎಲ್ಲಿ ಸ್ವಾಮಿ, ಒಳಗೆ ಒಂದೇ ಸಮ ಕಡಿತ. ಹದಿನೈದು ದಿನಕ್ಕೇ ನೀರಾಗೆ ನೆನೆಸಿ ಕುಡುಗೋಲಲ್ಲಿ ಕಿತ್ತಾಕ್ದೆ. ಆಮ್ಯಾಕೆ ಇವ್ರ ತಾತನೇ ದಬ್ಬೆ ಇಟ್ಟು ಕಟ್ಟಿದ್ರು, ಆಗ ಇವ್ನು ಊರಾಗಿರ್ಲಿಲ್ಲ. ಪಾಪ, ಆವಯ್ಯಂಗೆ ಈಗೀಗ ಕಣ್ಣು ಮಂಜು. ಬಸ್ಸಲ್ಲೇ ಹೇಳಾಣ ಅಂದ್ರೆ ಈ ಹುಡುಗ ಬಿಡ್ಲೇ ಇಲ್ಲ."

ಡಾಕ್ಟರು ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಮಹಾಂತೇಶನ ಜೇಬಿಗೇ ಇಟ್ಟರು. ಅವನ ಕೈಗೆ ಮಾರ್ಕರ್ ಕೊಟ್ಟರು. ದನಿ ತುಂಬಾ ಮೆತ್ತಗಿತ್ತು.

"ಬೋರ್ಡ್ ಮೇಲೆ ಬರಿಯಪ್ಪ. ಕಟ್ಟಿದವರ ಹೆಸರು, ಊರು, ನಿನಗೇನಾಗ್ಬೇಕು. ದಪ್ಪಕ್ಷರದಲ್ಲಿ ಬರಿ, ಹಿಂದಿನ ಬೆಂಚಿಗೂ ಕಾಣ್ಲಿ."

ಈ ಸಲ ಒಬ್ಬರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ಬಿಳಿ ಬೋರ್ಡಿನ ಮೇಲೆ ಮಾರ್ಕರ್ ಕಿರುಗುಟ್ಟುತ್ತ ಒಂದೊಂದೇ ಅಕ್ಷರ ಇಳಿಯಿತು.

ಶಾಲೆಯ ಮೆಟ್ಟಿಲು ಹತ್ತದ ಚಿಕ್ಕಕ್ಕ ಪಕ್ಕದ ಹುಡುಗಿಯ ಕಡೆ ಬಾಗಿ, ಸೊಟ್ಟ ಕೈಯನ್ನು ಬೋರ್ಡಿನತ್ತ ಎತ್ತಿದಳು.

"ನಮ್ಮೂರ ಹುಡುಗ ಕಣವ್ವ. ನೋಡು, ಎಂಗೆ ಮುತ್ತು ಪೋಣಿಸ್ದಂಗೆ ಬರೀತಾನೆ."