ಬಾಚುವ ಹುಲ್ಲು

ಕೆಲಸಕ್ಕೆ ಬಂದ ಮಾಲಿ ಹುಲ್ಲಕ್ಕ ಗೇಟಿನಲ್ಲೇ ನಿಂತುಬಿಟ್ಟಳು. ಗ್ರಂಥಾಲಯದ ಅಂಗಳದಲ್ಲಿ ಮೊಣಕಾಲೆತ್ತರ ತೂಗಾಡುತ್ತಿದ್ದ ನಲವತ್ತು ಬುಡ ಅಲಂಕಾರದ ಹುಲ್ಲು, ಒಂದೂ ಬಿಡದೆ, ನೆಲಮಟ್ಟಕ್ಕೆ ಬೋಳಾಗಿತ್ತು. ನಡುವೆ ಅವಳ ಗಂಡ ಹಲ್ಲು ಕಿರಿಯುತ್ತ ನಿಂತಿದ್ದ. ಮೊದಲೇ ಕ್ಷೌರಿಕ, ಕೈಗೆ ಕತ್ತರಿ ಸಿಕ್ಕರೆ ಕೇಳಬೇಕೆ!

"ನಿನ್ನ ಮಂಡಿನೋವು ನೋಡೋಕಾಗ್ಲಿಲ್ಲ ಕಣೇ. ಒಣಗಿದ್ದು ತೆಗೀಬೇಕು ಅಂದಿದ್ಯಲ್ಲ, ಒಂದೇ ಬೆಳಿಗ್ಗೆಲಿ ಮುಗಿಸ್ಬಿಟ್ಟೆ."

"ಅಯ್ಯೋ ನನ್ನ ಕರ್ಮವೇ! ತೆಗೀಬೇಕು ಅಂದೆ ರೀ, ಬೋಳಿಸ್ಬೇಕು ಅಂದ್ನಾ?"

ಈ ಹುಲ್ಲು ವರ್ಷವಿಡೀ ಹಸಿರು. ಇದನ್ನು ಕತ್ತರಿಸುವಂತಿಲ್ಲ. ಚಳಿ ಇಳಿಯುವ ಹೊತ್ತಿಗೆ ಕೈಗವಸು ಹಾಕಿಕೊಂಡು ಬೆರಳುಗಳಿಂದ ತಲೆ ಬಾಚಿದ ಹಾಗೆ ಬಾಚಬೇಕು, ಒಣಗಿದ ಎಳೆಗಳು ತಾವಾಗಿ ಕಿತ್ತು ಬರುತ್ತವೆ. ಬೋಳಿಸಿದರೆ ನೀರು ನಿಂತು ಬುಡದ ನಡುಭಾಗ ಕೊಳೆಯುತ್ತದೆ. ಹನ್ನೊಂದು ವರ್ಷದಿಂದ ಅಲ್ಲಿನ ಮೂವರು ಮಾಲಿಗಳಲ್ಲಿ ಇದನ್ನು ಬಲ್ಲವಳು ಅವಳೊಬ್ಬಳೇ. ಯಾರೂ ಬರುವ ಮುಂಚೆ ಬಾಚಿ ಮುಗಿಸುತ್ತಿದ್ದಳು, ಕೇಳಿದವರಿಗೆ "ಸುಮ್ನೆ ಒಣಗಿದ್ದು ತೆಗೀತೀನಿ" ಎಂದು ಜಾರಿಕೊಳ್ಳುತ್ತಿದ್ದಳು. ಗಂಡನಿಗೂ ಹೇಳಿದ್ದು ಅಷ್ಟೇ.

ಮೇಲ್ವಿಚಾರಕಿ ಬಂದು ನೋಡಿ ಹೌಹಾರಿದರು. "ಮೂರು ವಾರ ನೋಡ್ತೀನಿ. ಚಿಗುರದಿದ್ರೆ ಎಲ್ಲ ಕಿತ್ತು ಕಲ್ಲು ಹಾಸ್ತೀವಿ. ಕಲ್ಲಿಗೆ ಮಾಲಿ ಬೇಕಾಗಲ್ಲ."

ಅಂದಿನಿಂದ ಅವಳಿಗೆ ಅನ್ನ ಸೇರಲಿಲ್ಲ. ದಿನಾ ಒಂದೊಂದು ಬುಡವನ್ನೂ ಮೆಲ್ಲಗೆ ಎಳೆದು ನೋಡುವಳು. ಬೇರು ಬಿಗಿಯಾಗಿದ್ದರೆ ಉಸಿರು ಬಿಡುವಳು. ಎರಡನೇ ವಾರದಲ್ಲಿ ಹತ್ತೊಂಬತ್ತು ಬುಡಗಳು ಹಾಲುಹಲ್ಲಿನಂತೆ ಅಲ್ಲಾಡತೊಡಗಿದವು. ಯಾರಿಗೂ ಗೊತ್ತಾಗದಂತೆ ಸುತ್ತ ಮಣ್ಣು ಒತ್ತಿ ನೆಟ್ಟಗೆ ನಿಲ್ಲಿಸಿದಳು, ಹಾಗೆ ಮುಚ್ಚಿಟ್ಟದ್ದಕ್ಕೆ ನಾಚಿಕೆಯಿಂದ ಕುಗ್ಗಿಹೋದಳು. ಉಳಿದವುಗಳಲ್ಲಿ ಸೂಜಿಯಷ್ಟು ಹಸಿರು ಕಂಡಿತ್ತು.

ಗಡುವಿನ ದಿನ ಮೇಲ್ವಿಚಾರಕಿ ಉಳಿದಿಬ್ಬರು ಮಾಲಿಗಳನ್ನೂ ಕರೆತಂದರು. "ಒಂದು ಬುಡ ಎಳೆದು ತೋರಿಸಿ, ಬೇರು ಹಿಡಿದಿದೆಯಾ ನೋಡೋಣ."

ಹುಲ್ಲಕ್ಕನ ಕೈ ಚಿಗುರಿದ ಬುಡದ ಕಡೆಗೇ ಹೋಯಿತು. ಅಷ್ಟರಲ್ಲಿ, ಅವಳ ಜೊತೆಗೆ ಬಂದಿದ್ದ ಗಂಡ ಮುಂದೆ ಬಂದ. "ತಪ್ಪೆಲ್ಲ ನಂದೇ ಮೇಡಂ. ಬಾಚ್ಬೇಕು ಅಂತ ಇವಳು ಬಡ್ಕೊಂಡ್ಲು, ನಾನೇ ಕೇಳ್ಲಿಲ್ಲ."

ಮೂರು ವಾರ ತನ್ನಿಂದ ಬೈಸಿಕೊಂಡ ಮನುಷ್ಯ! ಅವಳಿಗೆ ತಡೆಯಲಾಗಲಿಲ್ಲ.

"ಸುಳ್ಳು ಮೇಡಂ, ನಾನು ಹೇಳೇ ಇಲ್ಲ," ಎಂದವಳೇ ಪಕ್ಕದ ಬುಡವನ್ನು ಹಿಡಿದೆಳೆದಳು. ಅದು ಸಲೀಸಾಗಿ ಕೈಗೆ ಬಂತು. "ಇಂಥವು ಹತ್ತೊಂಬತ್ತಿವೆ. ಬೇರೆಯವ್ರು ಕಲಿತ್ರೆ ನನ್ನ ಕೆಲಸ ಹೋಗುತ್ತೆ ಅಂತ ಯಾರಿಗೂ ಹೇಳ್ಕೊಡ್ಲಿಲ್ಲ."

ಮೇಲ್ವಿಚಾರಕಿ ಬಗ್ಗಿ ಇನ್ನೊಂದು ಬುಡವನ್ನು ಅಲ್ಲಾಡಿಸಿ ನೋಡಿದರು. ಆಮೇಲೆ ಕೇಳಿದರು, "ಇವು ಉಳಿಯುತ್ವಾ?"

ಅವಳು ಕೈಯಲ್ಲಿದ್ದ ಬುಡವನ್ನು ತಿರುಗಿಸಿ ನೋಡಿದಳು. "ನಡು ಸತ್ತಿದೆ. ಅಂಚಲ್ಲಿ ಜೀವ ಇದೆ. ಆ ಭಾಗ ಬಿಡಿಸಿ ನೆಟ್ರೆ ಬರುತ್ತೆ."

"ಹಾಗಾದ್ರೆ ಕಲ್ಲು ಬೇಡ. ಇವರಿಬ್ಬರಿಗೂ ಕಲಿಸಿ. ನಿಮ್ಮ ವಿಷಯ ಆಮೇಲೆ ನೋಡೋಣ."

ಹುಲ್ಲಕ್ಕ ನೋವಿನ ಮಂಡಿಯೂರಿ ಕುಳಿತಳು. ಇಬ್ಬರೂ ಎದುರಿಗೆ ಬಗ್ಗಿದರು. ಕೊಳೆತದ್ದನ್ನು ಎಲ್ಲಿಯವರೆಗೆ ಕುಯ್ಯಬೇಕು, ಎಷ್ಟು ಆಳ ನೆಡಬೇಕು, ಬರುವ ವರ್ಷ ಹೇಗೆ ಬಾಚಬೇಕು, ಎಲ್ಲವನ್ನೂ ಬಿಡಿಸಿ ಹೇಳಿದಳು. ಒಬ್ಬನಿಗೆ ಅರ್ಥವಾಗಲಿಲ್ಲ. ಅವನ ಕೈಹಿಡಿದು ಇನ್ನೊಮ್ಮೆ ತೋರಿಸಿದಳು.