ಅಳಿಸದೆ ಬಿಟ್ಟ ಗುರುತು

ಹೆಣಕ್ಕೆ ಇಡಲು ತಂದ ಹೂವಿನ ಚಕ್ರವನ್ನು ಸತ್ತವಳ ಮಗಳು ಬಾಗಿಲ ಹೊರಗೇ ತಡೆದು ನಿಲ್ಲಿಸಿದಳು. ಅದಕ್ಕೆ ಅಡ್ಡಲಾಗಿ ಕಟ್ಟಿದ್ದ ಪಟ್ಟಿಯ ಮೇಲೆ ‘ನಮ್ಮ ಕ್ಲಬ್ಬಿನ ಮಹಾಮಾತೆಗೆ’ ಎಂದು ಬಂಗಾರದ ಬಣ್ಣದಲ್ಲಿ ಬರೆಸಿದ್ದರು.

“ಈ ಪಟ್ಟೀನ ಕಿತ್ತು ಒಳಗೆ ತಗೊಂಡ್ಬಾ,” ಎಂದಳು. “ಅವಳು ನನಗೇ ನೆಟ್ಟಗೆ ತಾಯಿ ಆಗಲಿಲ್ಲ, ಇನ್ನು ಕ್ಲಬ್ಬಿಗೆಲ್ಲಿಂದ ಆದಾಳು? ಅಂಪೈರ್ ಆಗಿದ್ದಳು. ಅಷ್ಟು ಬರೆಸೋಕೆ ಏನಾಗಿತ್ತು?”

ಚಕ್ರ ಹಿಡಿದು ನಿಂತಿದ್ದವನು ಕ್ಲಬ್ಬಿನ ಅಧ್ಯಕ್ಷ. ಅಪ್ಪನ ಕಾಲದಿಂದ ಔಷಧಿ ಅಂಗಡಿ ಇಟ್ಟವನು. ಜೊತೆಯಲ್ಲಿ ಬೆಳೆದವರಿಗೆಲ್ಲ ಇಂದಿಗೂ ‘ಮಾತ್ರೆ’. ಅವನು ಹಲ್ಲಿನಿಂದ ಪಟ್ಟಿಯ ದಾರ ಕಚ್ಚತೊಡಗಿದ. ಒಳಗೆ ಅಕ್ಕನ ತಲೆದೆಸೆಯಲ್ಲಿ ಕೂತಿದ್ದ ಚಿಕ್ಕಮ್ಮ, ಕತ್ತರಿ ಕಿಟಕಿಯ ಮೇಲಿದೆ ಎಂದೂ, ಜಗಳ ಆಡುವುದಾದರೆ ಮೊದಲು ಚಪ್ಪಲಿ ಹಾಕಿಕೊ, ನೆಲ ತಣ್ಣಗಿದೆ ಎಂದೂ ಕೂಗಿ ಹೇಳಿದಳು.

ಸತ್ತವಳು ಲಾಂಡ್ರಿಯಲ್ಲಿ ಇಸ್ತ್ರಿ ಮಾಡಿ ಜೀವ ತೇದವಳು. ಊರಿಗೆ ಮಾತ್ರ ಅವಳು ಔಟಕ್ಕ. ಅಂಚೆಯವನೂ ಹಾಗೆಯೇ ಕೂಗುತ್ತಿದ್ದ.

ಮಾತ್ರೆ ಮಗಳನ್ನು ಹಿತ್ತಿಲಿಗೆ ಕರೆದುಕೊಂಡು ಹೋದ. ಗಂಟಲು ಸರಿಮಾಡಿಕೊಂಡ.

“ನೋಡು ಡ್ರೈವರಮ್ಮಾ,” ಎಂದ. ಅವಳು ಊರ ಬಸ್ ಓಡಿಸುವವಳು. “ನಿನ್ನ ಟೆನಿಸ್ ಫೈನಲ್‌ನ ಆ ಬಾಲು ಗೆರೆ ಒಳಗೇ ಬಿದ್ದಿತ್ತು. ಎಲ್ಲರಿಗೂ ಗೊತ್ತು. ನಿನ್ನೆ ಸಂಜೆ ಸಮಿತಿ ಕೂತಿದ್ವಿ. ವಿಜೇತರ ಹಲಗೆ ಮೇಲೆ ಆ ವರ್ಷಕ್ಕೆ ಎರಡು ಹೆಸರು ಬರೆಸೋದು ಅಂತ ಆಯ್ತು. ಅವತ್ತು ಕಪ್ ತಗೊಂಡ ಎಡಗೈಯವಳೂ ಒಪ್ಪಿದಾಳೆ. ಇವತ್ತು ಮಣ್ಣು ಕೊಡೋ ಜಾಗದಲ್ಲೇ ಎಲ್ಲರ ಮುಂದೆ ಹೇಳಿಬಿಡ್ತೀನಿ. ನೀನು ಹೂಂ ಅನ್ನು ಸಾಕು.”

 ಕ್ಲಬ್ಬಿನ ಬೀದಿಯಲ್ಲಿ ಬಸ್ ಓಡಿಸುವಾಗಲೆಲ್ಲ ಆ ಕಡೆಗೆ ಕತ್ತು ತಿರುಗಿಸದೆ ಹೋಗುವುದನ್ನು ಅವಳು ರೂಢಿ ಮಾಡಿಕೊಂಡಿದ್ದಳು. ಆ ಹಲಗೆಯ ಮೇಲೆ ತನ್ನ ಹೆಸರಿರಬೇಕಾಗಿತ್ತು ಎಂಬ ಒಂದು ಉರಿ ಮಾತ್ರ ಇಪ್ಪತ್ತರ ವಯಸ್ಸಿನಿಂದ ಒಂದೇ ಸಮ ಉರಿಯುತ್ತಿತ್ತು. ಮದುವೆ, ಕೆಲಸ, ಕೂದಲ ನರೆ ಯಾವುದೂ ಅದನ್ನು ಆರಿಸಿರಲಿಲ್ಲ.

“ಹೇಳು,” ಎಂದಳು. “ನಾನು ಅಡ್ಡ ಬರಲ್ಲ.”

*

ಆ ಕಾಲಕ್ಕೆ ಟೆನಿಸ್ ಎಂದರೆ ಗುಡ್ಡದ ಮೇಲಿನ ಕ್ಲಬ್ ಒಂದೇ. ಅಲ್ಲಿ ಆಡುವವರ ಬಿಳಿ ಬಟ್ಟೆ ಒಗೆದು ಇಸ್ತ್ರಿ ಮಾಡಿ ಕಳಿಸುತ್ತಿದ್ದದ್ದು ತಗ್ಗಿನ ಲಾಂಡ್ರಿ. ಅಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದವನು ಬಟ್ಟೆಗಂಟು ಹೊತ್ತು ಗುಡ್ಡಕ್ಕೆ ಹೋಗುತ್ತ ಬರುತ್ತ, ಬೇಲಿಯಾಚೆ ನಿಂತು ನೋಡಿಯೇ ಆಟ ಕಲಿತಿದ್ದ. ಔಟಕ್ಕನ ಗಂಡ ಅವನೇ. ಒಂದು ವರ್ಷ ಗುಡ್ಡದ ಟೂರ್ನಿಗೆ ಆಟಗಾರರು ಕಡಿಮೆ ಬಿದ್ದು, ತಮಾಷೆಗೆಂದು ಅವನನ್ನೂ ಸೇರಿಸಿಕೊಂಡರು. ಅವನು ಫೈನಲ್ ಗೆದ್ದುಬಿಟ್ಟ. ಅಂಪೈರ್ ಕೂಗಿದ್ದೂ ಆಯಿತು, ಎದುರಾಳಿ ಕೈ ಕುಲುಕಿದ್ದೂ ಆಯಿತು. ಸಂಜೆ ಸಮಿತಿ ಒಳಕೋಣೆಯಲ್ಲಿ ಕೂತು, ಕುಡಿದು, ಕೊನೆಯ ಬಾಲು ಹೊರಗೆ ಬಿದ್ದಿತ್ತೆಂದು ತೀರ್ಮಾನ ಮಾಡಿತು. ಕಪ್ ಬೇರೆಯವರ ಮನೆಗೆ ಹೋಯಿತು. ಅವನ ಕೈಗೆ ಎಂದಿನಂತೆ ಕೊಳೆ ಬಟ್ಟೆಯ ಗಂಟು ಬಂತು.

ಅವನು ಅಳಲಿಲ್ಲ, ಕಾಲು ಹಿಡಿಯಲಿಲ್ಲ. ಲಾಂಡ್ರಿಯ ಜನರನ್ನು ಸೇರಿಸಿಕೊಂಡು ಬಟ್ಟೆ ಒಣಗಿಸುವ ಬಯಲನ್ನು ಸಮ ಮಾಡಿ, ಕೆಂಪು ಮಣ್ಣು ಹಾಸಿ, ಹಗ್ಗ ಕಟ್ಟುವ ಕಬ್ಬಿಣದ ಕಂಬಗಳಿಗೇ ನೆಟ್ ಬಿಗಿದ. ಲಾಂಡ್ರಿಯ ಹಳೆಯ ಏಣಿಗೆ ಇಸ್ತ್ರಿ ಮೇಜಿನ ಹಲಗೆ ಹೊಡೆದು ಅಂಪೈರ್ ಕುರ್ಚಿ ಮಾಡಿದ. ಗೋಡೆಯ ಮೇಲೆ ತನ್ನ ಕೈಯಾರೆ ಬರೆದ: ‘ಕುರ್ಚಿ ಹೇಳಿದ್ದೇ ಕೊನೆ. ಸಮಿತಿಯ ಕೆಲಸ ಚಹಾ ಕೊಡುವುದು.’

ಕುರ್ಚಿ ಹತ್ತಿದವಳು ಹೆಂಡತಿ. ಉಗಿಯಂತ್ರದ ಗದ್ದಲದಲ್ಲಿ ಕೂಗಿ ಕೂಗಿ ಪಳಗಿದ ದನಿ ಅವಳದು. ಲಾಂಡ್ರಿಯ ಧಣಿ ಒಮ್ಮೆ ಆಡಲು ಬಂದಾಗ ಅವನಿಗೇ ನಾಲ್ಕು ಸಲ ಔಟ್ ಕೊಟ್ಟು, ಮರುದಿನ ಅವನ ಅಂಗಿಯನ್ನು ಒಂದು ಸುಕ್ಕಿಲ್ಲದೆ ಇಸ್ತ್ರಿ ಮಾಡಿ ಕೊಟ್ಟಿದ್ದಳು. ಅಲ್ಲಿ ಮೋಸ ನಡೆಯುವುದಿಲ್ಲವೆಂಬ ಸುದ್ದಿ ಹಬ್ಬಿ ಸುತ್ತಲ ಊರುಗಳಿಂದ ಜನ ಬಂದರು. ಲಾಂಡ್ರಿ ಕ್ಲಬ್ಬಿನ ಟೂರ್ನಿ ಇಡೀ ಪ್ರಾಂತ್ಯದ ಟೂರ್ನಿಯಾಯಿತು. ಕಡೆಗೆ ಗುಡ್ಡದವರೂ ಇಳಿದು ಬಂದರು.

ಅನುಮಾನ ಬಂದ ಆಟಗಾರ “ಅಂಪೈರ್, ಗುರುತು ನೋಡ್ತೀರಾ?” ಎಂದು ಕೇಳಬೇಕು. ಕೇಳಿದರೆ ಮಾತ್ರ ಔಟಕ್ಕ ಮಂಡಿ ಹಿಡಿದುಕೊಂಡು ಇಳಿದು, ಮಣ್ಣಿನಲ್ಲಿ ಬಾಲು ಬಿದ್ದ ಗುರುತಿನ ಮೇಲೆ ಬಗ್ಗಿ ನೋಡಿ ಹೇಳುತ್ತಿದ್ದಳು. ಪಾಯಿಂಟ್ ಕಳೆದುಕೊಂಡವರು ಆ ಗುರುತನ್ನು ತಮ್ಮ ಕಾಲಿನಿಂದ ಸವರಿ ಅಳಿಸಬೇಕು. ಒಪ್ಪಿದೆ, ಮುಂದೆ ಆಡೋಣ ಎಂದು ಅದರ ಅರ್ಥ.

*

ಮಗಳು ಫೈನಲ್ ತಲುಪಿದ ವರ್ಷ ಅಪ್ಪ ಇರಲಿಲ್ಲ. ಎದುರಿಗಿದ್ದವಳು ಗುಡ್ಡದ ಕ್ಲಬ್ಬಿನ ಎಡಗೈಯವಳು. ಇನ್ನೊಂದು ಪಾಯಿಂಟ್ ಬಂದರೆ ಕಪ್ ಮಗಳದು. ಎಡಗೈಯವಳು ಮುಂದಕ್ಕೆ ಬಂದಳು. ಮಗಳು ಅವಳ ತಲೆಯ ಮೇಲಿಂದ ಎತ್ತಿ ಹಾಕಿದ ಬಾಲು ಹಿಂದಿನ ಗೆರೆಯ ಮೂಲೆಯಲ್ಲಿ ಬಿತ್ತು. ಮಗಳು ಆಗಲೇ ಕೈಯೆತ್ತಿದ್ದಳು.

“ಔಟ್,” ಎಂದಳು ಅಮ್ಮ.

ಜನ ಎದ್ದು ನಿಂತು ಇಳಿದು ನೋಡು ಎಂದು ಕೂಗಿದರು. ಕುರ್ಚಿಯಿಂದ ಅಮ್ಮ ಅಲುಗಲಿಲ್ಲ. ಮಗಳ ಕಡೆಗೇ ನೋಡುತ್ತ ಕೂತಳು. ಮಗಳೂ ಅವಳನ್ನೇ ನೋಡಿದಳು. ಸ್ವಂತ ಅಮ್ಮನನ್ನು ಊರೆದುರು ಅಂಪೈರ್ ಎಂದು ಕರೆದು, ಬಹುವಚನ ಹಚ್ಚಿ ಬೇಡಬೇಕೆ? ತಾನಾಗಿ ಇಳಿದು ಬರಲಿ ಎಂದು ಕಾದಳು. ಬರಲಿಲ್ಲ. ಮಗಳು ರಾಕೆಟ್ ಬಿಸಾಡಿ ಕೋರ್ಟಿನಿಂದ ಹೊರಗೆ ನಡೆದಳು. ಅವಳ ಬೆನ್ನ ಹಿಂದೆ ಅದೇ ದನಿ, ನಿಯಮದಷ್ಟು ಹೊತ್ತು ಕಾದು, ಎಡಗೈಯವಳು ಗೆದ್ದಳೆಂದು ಸಾರಿತು.

ಅಂದು ಸಂಜೆ ಅಮ್ಮ ಕೋರ್ಟನ್ನೆಲ್ಲ ಗುಡಿಸಿದಳು. ಆ ಒಂದು ಮೂಲೆಯನ್ನು ಮಾತ್ರ ಮುಟ್ಟಲಿಲ್ಲ. ಗುರುತು ಗಾಳಿಗೆ ತಾನಾಗಿ ಹೋಗುವವರೆಗೆ ಹಾಗೆಯೇ ಇತ್ತು.

ಮನೆಯಲ್ಲಿ ಅಮ್ಮ ಆ ವಿಷಯ ಎತ್ತಿದ್ದು ಒಂದೇ ಸಲ, ತಟ್ಟೆ ತೊಳೆಯುತ್ತ. “ಕೇಳಿದ್ರೆ ಇಳೀತಿದ್ದೆ.”

“ಅಮ್ಮನ್ನ ಯಾರಾದ್ರೂ ಹಾಗೆ ಕೇಳ್ತಾರಾ?”

“ಅಮ್ಮ ಇಲ್ಲಿರ್ತಾಳೆ. ಅಲ್ಲಿರಲ್ಲ.”

ಮಗಳು ಆಮೇಲೆ ರಾಕೆಟ್ ಮುಟ್ಟಲಿಲ್ಲ. ಬೇರೆ ಮನೆ ಮಾಡಿದಳು. ಕಡೆಗಾಲದಲ್ಲಿ ಬಂದು ಅಮ್ಮನಿಗೆ ಉಣ್ಣಿಸಿದಳು, ಮೈ ಒರೆಸಿದಳು, ಹಟ ಮಾಡಿದರೆ ಬೈದಳು. ಆ ಬಾಲಿನ ಮಾತನ್ನು ಮಾತ್ರ ಇಬ್ಬರೂ ಎತ್ತಲಿಲ್ಲ.

*

ಪೆಟ್ಟಿಗೆಯನ್ನು ಗುಂಡಿಯ ಪಕ್ಕ ಇಳಿಸಿದ್ದರು. ಮಣ್ಣು ಎಳೆಯುವ ಇಬ್ಬರು ಸಲಿಕೆಗಳ ಮೇಲೆ ಭಾರ ಬಿಟ್ಟು ನಿಂತಿದ್ದರು. ಲಾಂಡ್ರಿಯ ಹಳಬರು ಒಂದು ಕಡೆ, ಕ್ಲಬ್ಬಿನವರು ಇನ್ನೊಂದು ಕಡೆ. ತಲೆ ನರೆತ ಎಡಗೈಯವಳೂ ಬಂದಿದ್ದಳು. ಮಾತ್ರೆ ಮುಂದೆ ಬಂದು ಎಲ್ಲರಿಗೂ ಕೇಳುವಂತೆ ಶುರುಮಾಡಿದ. ಆಕೆಯ ಸೇವೆ, ಆಕೆಯ ತ್ಯಾಗ. ಮಗಳು ನೆಲ ನೋಡುತ್ತ ಕಾದಳು.  ಇನ್ನೆರಡು ಮಾತಾದರೆ ತನ್ನ ಹೆಸರು ಬರುತ್ತದೆ.

“ಮಗಳ ಮೇಲೆ ಪಕ್ಷಪಾತ ಅಂತ ಜನ ಆಡ್ಕೋತಾರೆ ಅನ್ನೋ ಭಯಕ್ಕೆ ಪಾಪ ಆಕೆ ಅವತ್ತೊಂದು ತಪ್ಪು ಮಾಡಿದರು. ಆ ತಪ್ಪನ್ನ ನಿನ್ನೆ ಸಂಜೆ ನಮ್ಮ ಸಮಿತಿ ಕೂತು—”

ಮಗಳು ತಲೆಯೆತ್ತಿದಳು. ಸಂಜೆ. ಸಮಿತಿ ಕೂತು. ಕುಡಿದ ಬಾಯಿಗಳ ನಡುವೆ ಅಪ್ಪನ ಕಪ್ ಹೋದದ್ದೂ ಹೀಗೆಯೇ. ಆ ಒಂದು ಸಂಜೆಯ ಮೇಲಿನ ಸಿಟ್ಟಿಗೇ ಬಯಲು ಕೋರ್ಟಾಗಿತ್ತು, ಏಣಿ ಕುರ್ಚಿಯಾಗಿತ್ತು.

“ಔಟ್,” ಎಂದಳು.

ಹೊಟ್ಟೆಯ ಆಳದಿಂದ ಬಂದ ದನಿ. ಚಿಕ್ಕಮ್ಮ ಬೆಚ್ಚಿಬಿದ್ದು ಪೆಟ್ಟಿಗೆಯ ಕಡೆ ನೋಡಿದಳು.

“ಡ್ರೈವರಮ್ಮಾ, ನಿನ್ನ ಒಳ್ಳೇದಕ್ಕೇ ಅಲ್ವಾ ಇದೆಲ್ಲ.”

“ನಮ್ಮಪ್ಪನ ಕಪ್ ಕಿತ್ಕೊಂಡೋರೂ ಯಾರದೋ ಒಳ್ಳೇದಕ್ಕೇ ಕೂತಿದ್ರು. ಮಾತ್ರೆ, ಗೋಡೆ ಮೇಲೆ ಬರೆದಿರೋದು ನಿನಗೆ ಓದೋಕೆ ಬರುತ್ತಲ್ಲ? ಹೋಗಿ ಚಹಾ ಮಾಡು.”

ಲಾಂಡ್ರಿಯ ಹಳಬರಲ್ಲಿ ಯಾರೋ ಮೂಗಿನಲ್ಲಿ ನಕ್ಕರು. ಎಡಗೈಯವಳು ಹತ್ತಿರ ಬಂದು ತಗ್ಗಿದ ದನಿಯಲ್ಲಿ, “ಒಳಗೇ ಬಿದ್ದಿತ್ತು ಕಣೇ. ನಾನು ತಿರುಗಿ ನೋಡಿದ್ದೆ,” ಎಂದಳು.

“ನನಗೂ ಗೊತ್ತು. ಹೊಡೆದೋಳು ನಾನು. ಆದರೆ ಕುರ್ಚಿ ಮೇಲಿದ್ದದ್ದು ನೀನೂ ಅಲ್ಲ, ನಾನೂ ಅಲ್ಲ. ಅವಳು ಕೂತಿದ್ದಾಗ ಅವಳೆದುರು ಉಸಿರೆತ್ತೋ ಧೈರ್ಯ ನಿಮ್ಮ ಒಬ್ಬರಿಗೂ ಇರಲಿಲ್ಲ. ಅವಳ ಬಾಯಿ ಮುಚ್ಚಿದ ದಿನ ನೋಡ್ಕೊಂಡು ತಿದ್ದೋಕೆ ಬಂದಿದೀರಿ. ಅವಳಿಗೆ ಭಯವಂತೆ! ಹಲಗೆ ಮೇಲೆ ನನ್ನ ಹೆಸರು ಕಂಡರೆ ಬಸ್ ತಂದು ಹಲಗೆಗೇ ಗುದ್ದಿಸ್ತೀನಿ.”

ಆಮೇಲೆ ಸಲಿಕೆಯವರ ಕಡೆ ತಿರುಗಿ, ಇನ್ನೇನು ನೋಡುತ್ತೀರಿ, ಇಳಿಸಿ ಎಂದಳು.

*

ಮನೆಗೆ ಹೋಗುವ ದಾರಿ ಕೋರ್ಟಿನ ಪಕ್ಕದಲ್ಲೇ. ಕಾಲು ನೋವೆಂದು ಚಿಕ್ಕಮ್ಮ ಗೇಟಿನ ಕಟ್ಟೆಯ ಮೇಲೆ ಕೂತಳು. ಮಗಳು ಒಳಗೆ ನಡೆದಳು. ನಾಳೆಯ ಆಟಕ್ಕೆಂದು ಮಣ್ಣು ಗುಡಿಸಿ ಗೆರೆ ಎಳೆದಿದ್ದರು. ಕಂಬಗಳು ಅವೇ. ಕುರ್ಚಿ ಅದೇ, ಹಲಗೆಯ ಒಂದು ತುದಿಯಲ್ಲಿ ಇಸ್ತ್ರಿ ಪೆಟ್ಟಿಗೆ ಸುಟ್ಟ ಕಪ್ಪು ಮಚ್ಚೆ ಇನ್ನೂ ಇತ್ತು.

ಅವಳು ಹಿಂದಿನ ಗೆರೆಯ ಮೂಲೆಗೆ ಹೋಗಿ ನಿಂತಳು. ಕುರ್ಚಿಯ ಕಡೆ ಮುಖ ಮಾಡಿದಳು.

“ಅಂಪೈರ್,” ಎಂದಳು, “ಗುರುತು ನೋಡ್ತೀರಾ?”

“ಯಾರ ಹತ್ರ ಮಾತಾಡ್ತಿದೀಯೇ?” ಎಂದು ಚಿಕ್ಕಮ್ಮ ಗೇಟಿನಿಂದ ಕೇಳಿದಳು.

 ಒಬ್ಬಳು ಹೆಂಗಸು ಮಂಡಿ ಹಿಡಿದುಕೊಂಡು ಏಣಿ ಇಳಿದು, ಕೋರ್ಟಿನ ಉದ್ದಕ್ಕೂ ನಡೆದು ಬಂದು, ಬಗ್ಗಿ ನೋಡುವುದಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಮಗಳು ಕಾದಳು. ಆಮೇಲೆ ಕಾಲನ್ನು ಮುಂದಕ್ಕೆ ಚಾಚಿ, ಗೆರೆಯ ಪಕ್ಕದ ನುಣುಪು ಮಣ್ಣನ್ನು ಒಂದು ಸಲ ಆಚೆಗೆ, ಒಂದು ಸಲ ಈಚೆಗೆ, ಚೆನ್ನಾಗಿ ಒತ್ತಿ ಸವರಿದಳು.