ಹಿಂದಕ್ಕೆ ಸರಿದ ಮೀನುಗಳು

ಮುಂಬಯಿಯ ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ನಮ್ಮದೊಂದು ಗಾಲಾ, ಅಂದರೆ ಶೆಡ್ಡಿನಂಥ ಮಳಿಗೆ; ಅದರಲ್ಲಿ ಅರವತ್ತು ಟ್ಯಾಂಕುಗಳಿವೆ. ಬಣ್ಣದ ಮೀನುಗಳು ಅಂಗಡಿಗಳಿಗೆ ಹೋಗುವುದು ಇಲ್ಲಿಂದಲೇ. ಹನ್ನೆರಡು ವರ್ಷಗಳಿಂದ ಅವುಗಳ ಆರೋಗ್ಯ ನನ್ನ ಜವಾಬ್ದಾರಿ. ಒಂದು ಟ್ಯಾಂಕಿನ ಬಲೆ ಇನ್ನೊಂದಕ್ಕೆ ಇಳಿಯಕೂಡದು ಎಂಬ ನಿಯಮ ಮಾಡಿದವನೂ ನಾನೇ. ಮರೆತವರಿಗೆ ಚಳಿ ಬಿಡಿಸಿದ್ದೇನೆ.

ಬೆಳಿಗ್ಗೆ ಬಂದವನೇ ಒಂದನೆಯದರಿಂದ ಅರವತ್ತನೆಯದರವರೆಗೆ ತೋರುಬೆರಳು ಅದ್ದುತ್ತಾ ಹೋಗುತ್ತೇನೆ. ನೀರಿನ ಬಿಸಿ ತಿಳಿಯಲು ನನಗೆ ಥರ್ಮಾಮೀಟರ್ ಬೇಡ. ಮೀನುಗಳು ಓಡಿ ಬಂದು ಬೆರಳಿಗೆ ಮುತ್ತುತ್ತಿದ್ದವು. ಆ ಕಚಗುಳಿಗಾಗಿಯೇ ಕೆಲಸಕ್ಕೆ ಬರುತ್ತಿದ್ದೆ ಎಂದರೂ ಸುಳ್ಳಲ್ಲ.

ಆಗಸ್ಟಿನಲ್ಲಿ ಸಾವು ಶುರುವಾಯಿತು. ಮೊದಲು ಮೂರನೆಯ ಟ್ಯಾಂಕು, ಆಮೇಲೆ ನಾಲ್ಕು, ಐದು. ಮೀನುಗಳು ಬಡಕಲಾಗಿ, ಬೆನ್ನು ಬಾಗಿ ಸಾಯುತ್ತಿದ್ದವು. ಉಳಿದವು ನನ್ನ ಬೆರಳು ಕಂಡೊಡನೆ ಹಿಂದಿನ ಗಾಜಿಗೆ ಒತ್ತಿಕೊಂಡು ನನ್ನನ್ನೇ ನೋಡುತ್ತಿದ್ದವು. ಅರವತ್ತೂ ಟ್ಯಾಂಕುಗಳಲ್ಲಿ ಹಾಗೆಯೇ.

ವಿಜಯಪುರದ ಕಡೆಯ ನಮ್ಮ ಮಾಲೀಕ ಶಶಿಕಾಂತರು ಬಂದು ಗದರಿದರು. “ಯಾರ್ ತಪ್ಪ ಮಾಡ್ಯಾರ ಹೇಳ್ರಿ ಚೆನ್ನಯ. ಇವತ್ತ ಮನಿಗೆ ಕಳಸ್ತೀನಿ.”

ನಾನು ನಮಿತಾಳ ಹೆಸರು ಹೇಳಿದೆ. ಆರು ತಿಂಗಳ ಹಿಂದೆ ಸೇರಿದ ಹುಡುಗಿ. “ಅಂಕಲ್, ಗ್ಲೌಸ್ ಹಾಕಿ ನಾ, ಪ್ಲೀಸ್” ಎಂದು ದಿನಾ ನನ್ನ ಬೆನ್ನು ಹತ್ತುತ್ತಿದ್ದಳು. ನನಗೇ ಬುದ್ಧಿ ಹೇಳುವಷ್ಟು ದೊಡ್ಡವಳಾದಳಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು. ಆಕೆ ಬಲೆ ಅದಲುಬದಲು ಮಾಡಿದ್ದನ್ನು ನಾನು ನೋಡಿರಲಿಲ್ಲ. ನೋಡಿದೆ ಎಂದೆ.

ಹೋಗುವಾಗ ಆಕೆ ಜಗಳವಾಡಲಿಲ್ಲ. “ಅಂಕಲ್, ಆ ಗಂಟು ಡಾಕ್ಟರಿಗೆ ತೋರಿಸಿ. ಮೀನಿನ ರೋಗ ನಮಗೂ ಬರ್ತದೆ” ಎಂದಳು. ನನ್ನ ತೋರುಬೆರಳಿನ ಗೆಣ್ಣಿನ ಮೇಲೆ ಕೆನ್ನೀಲಿ ಗಂಟೊಂದಿತ್ತು. ಗಾಜು ಗೀರಿದ್ದು ಎಂದು ಸುಮ್ಮನಿದ್ದೆ.

ಮರುದಿನ ಆಕೆ ಬಿಟ್ಟುಹೋದ ಗ್ಲೌಸ್ ಹಾಕಿಕೊಂಡು ಆರನೆಯ ಟ್ಯಾಂಕಿಗೆ ಕೈಯಿಟ್ಟೆ. ಮೀನುಗಳು ಓಡಿ ಬಂದು ಮುತ್ತಿದವು. ಗ್ಲೌಸ್ ಕಳಚಿ ಬೆರಳನ್ನು ನೀರಿನ ಹತ್ತಿರ ತಂದೆ, ಅಷ್ಟೆ. ಎಲ್ಲವೂ ಹಿಂದಿನ ಗಾಜಿಗೆ ಸರಿದವು. ನಿಯಮವನ್ನು ಬಲೆಗೆ ಮಾಡಿದ್ದೆ, ಬೆರಳಿಗೆ ಮಾಡಿರಲಿಲ್ಲ. ಸಾವು ನಡೆದದ್ದು ನಾನು ನಡೆಯುವ ದಾರಿಯಲ್ಲೇ. ನನಗೆ ನಾಚಿಕೆಗಿಂತ ಹೆದರಿಕೆಯೇ ಹೆಚ್ಚಾಯಿತು.

ಬೆನ್ನ ಹಿಂದೆ ಶಶಿಕಾಂತರ ದನಿ ಕೇಳಿಸಿತು. “ಇನ್ನ ಚಿಂತಿಲ್ಲಲ್ರಿ ಚೆನ್ನಯ? ರೋಗ ಹೊರಗ ಹೋತು?”

ಆಗಲೂ ಹೇಳಬಹುದಿತ್ತು. ನಾನು ಕೈಯನ್ನು ಜೇಬಿಗೆ ತುರುಕಿದೆ.

“ಹೋಯ್ತು ಸೇಠ್” ಎಂದೆ.

ಅರವತ್ತು ಟ್ಯಾಂಕುಗಳ ಮೀನುಗಳು ಒಟ್ಟಿಗೇ ನನ್ನ ಜೇಬಿನ ಕಡೆಗೆ ತಿರುಗಿದವು.